ಕಣ್ಣಿಗೆ ಕಾಣದ ವಿಷ, ಎಲೆಚೂರಿನ ಸಾಕ್ಷಿ

ಕ್ಯಾಡ್ಮಿಯಮ್ ಹೀರಿದ ಭತ್ತ ಬಾಡಿ ಬೀಳುವುದಿಲ್ಲ. ಪೈರು ಹಸಿರಾಗಿಯೇ ಇರುತ್ತದೆ, ತೆನೆ ತೂಗುತ್ತದೆ. ಜಪಾನಿನ ತೊಯಾಮಾದಲ್ಲಿ ಜಿಂಜು ನದಿಯ ನೀರು ಹಾಯಿಸಿಕೊಂಡವರು ಮೋಸಹೋದದ್ದು ಇಲ್ಲಿಯೇ. ಮೇಲಿನ ಕಾಮಿಯೊಕಾ ಗಣಿಯಿಂದ ಹರಿದುಬಂದ ಲೋಹ ಗದ್ದೆ ಸೇರಿತು, ಅಕ್ಕಿ ಸೇರಿತು, ಉಂಡವರ ಮೂತ್ರಪಿಂಡ ಸೇರಿತು. ನರಳಿದವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದ ಹೆಂಗಸರು. ಕೆಮ್ಮಿದರೂ ಮೂಳೆ ಮುರಿಯುತ್ತಿತ್ತು. 'ಇತಾಯ್ ಇತಾಯ್' ಎಂಬ ಈ ಕಾಯಿಲೆಗೆ ಮಾಲಿನ್ಯವೇ ಕಾರಣವೆಂದು ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ.

ಹಾಗಾಗಿ 'ವಿಷದ ಮಣ್ಣನ್ನೂ ತಾಳಿಕೊಳ್ಳುವ ತಳಿ' ಎಂದು ಯಾರಾದರೂ ಹೊಗಳಿದರೆ ನನಗೆ ಮೊದಲು ಆಗುವುದು ದಿಗಿಲು. ತಾಳಿಕೊಳ್ಳುವುದು ಬೇರೆ, ಒಳಗೆ ಬಿಟ್ಟುಕೊಳ್ಳದಿರುವುದು ಬೇರೆ. ಉಣ್ಣುವ ಬೆಳೆಗೆ ಬೇಕಾದದ್ದು ಎರಡನೆಯ ಗುಣ. ಅದನ್ನು ಕಣ್ಣಳತೆಯಲ್ಲಿ ಆರಿಸಲು ಯಾವ ರೈತನಿಗೂ ಸಾಧ್ಯವಿಲ್ಲ.

2012ರಲ್ಲಿ ಜಪಾನಿನ ವಿಜ್ಞಾನಿಗಳು ಕೊಶಿಹಿಕರಿ ಭತ್ತದ ಬೀಜಕ್ಕೆ ಇಂಗಾಲದ ಅಯಾನು ಕಿರಣ ಹಾಯಿಸಿ ಮೂರು ರೂಪಾಂತರ ಸಸ್ಯಗಳನ್ನು ಪಡೆದದ್ದನ್ನು ವರದಿ ಮಾಡಿದರು. ಮೂಲ ತಳಿಯ ಕಾಳಿನಲ್ಲಿ ಕಿಲೋಗೆ ಸರಾಸರಿ 1.73 ಮಿಲಿಗ್ರಾಂ ಕ್ಯಾಡ್ಮಿಯಮ್ ಇದ್ದರೆ ಇವುಗಳಲ್ಲಿ 0.05ಕ್ಕಿಂತ ಕಡಿಮೆ! ಕಾರಣ, ಓಎಸ್‌ನ್ರಾಂಪ್5 ಎಂಬ ಜೀನ್. ಬೇರಿನಲ್ಲಿ ಮ್ಯಾಂಗನೀಸ್ ಒಳಬರಲು ಅದು ತೆರೆದಿಟ್ಟ ಬಾಗಿಲಿನಲ್ಲೇ ಕ್ಯಾಡ್ಮಿಯಮ್ಮೂ ನುಸುಳುತ್ತದೆ. ಒಂದು ಸಸ್ಯದಲ್ಲಿ ಈ ಜೀನಿನ ಒಂದೇ ಒಂದು ಅಕ್ಷರ ಬಿಟ್ಟುಹೋಗಿ ಆ ಬಾಗಿಲು ಮುಚ್ಚಿತ್ತು.

ಈ ಗುಣ ಅಪ್ರಬಲವಾದದ್ದು. ತಂದೆತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಪ್ರಕಟವಾಗುತ್ತದೆ. ಒಬ್ಬರಿಂದ ಬಂದರೆ ಅಡಗಿ ಕೂರುತ್ತದೆ. ಹಳೆಯ ಕ್ರಮದಲ್ಲಾದರೆ ಪ್ರತಿ ಪೀಳಿಗೆಯನ್ನೂ ಕಲುಷಿತ ಗದ್ದೆಯಲ್ಲಿ ಬೆಳೆಸಿ, ಕಾಳು ಬಲಿತ ಮೇಲೆ ಪ್ರಯೋಗಾಲಯಕ್ಕೆ ಕಳಿಸಬೇಕು. ಜೀನಿನ ಗುರುತಾದ ಡಿಎನ್‌ಎ ಮಾರ್ಕರ್ ಇದ್ದರೆ ಎಳೆಯ ಸಸಿಯ ಎಲೆಚೂರು ಸಾಕು. ಡಿಎನ್‌ಎಯ ನಕಲು ಮಾಡುವ ಪಿಸಿಆರ್ ಯಂತ್ರದಲ್ಲಿ ಪರೀಕ್ಷಿಸಿ, ಗುಣವನ್ನು ಬಚ್ಚಿಟ್ಟುಕೊಂಡ ಸಸಿಯನ್ನೂ ಗುರುತಿಸಿ ಮುಂದಿನ ಸಂಕರಕ್ಕೆ ಇಟ್ಟುಕೊಳ್ಳಬಹುದು. ಅಕಿತಾ ಪ್ರಾಂತ್ಯ 2025ರಿಂದ ತನ್ನ ಜನಪ್ರಿಯ ಅಕಿತಕೊಮಾಚಿಯ ಬದಲಿಗೆ 'ಅಕಿತಕೊಮಾಚಿ ಆರ್' ತಳಿಗೆ ಹೊರಳಿದ್ದು ಇದೇ ಜೀನಿನ ಬದಲಾದ ರೂಪವನ್ನು ನಂಬಿ. ವಿಕಿರಣದ ಅಕ್ಕಿಯೆಂದು ಗೊಣಗಿದವರೂ ಉಂಟು. ಆದರೆ ಕಿರಣ ತಾಗಿದ್ದು ಎಷ್ಟೋ ಪೀಳಿಗೆ ಹಿಂದಿನ ಬೀಜಕ್ಕೆ, ಇಂದಿನ ಅನ್ನಕ್ಕಲ್ಲ.

ಬಾಗಿಲು ಮುಚ್ಚಿದ್ದಕ್ಕೆ ದಂಡವೂ ಇದೆ. ಮ್ಯಾಂಗನೀಸ್ ಕಡಿಮೆಯಾಗಿ ಕಂದು ಚುಕ್ಕೆ ರೋಗಕ್ಕೆ ಪೈರು ಸುಲಭದ ತುತ್ತಾಗುತ್ತದೆ. ಅದನ್ನು ಮಣ್ಣಿನ ಪೋಷಣೆಯಿಂದ ನಿಭಾಯಿಸಬೇಕು.

ಲಾಭ ಮತ್ತೊಂದು ಕಡೆಯಿಂದಲೂ ಬಂದಿದೆ. ಗದ್ದೆಯಲ್ಲಿ ನೀರು ನಿಲ್ಲಿಸಿದರೆ ಕ್ಯಾಡ್ಮಿಯಮ್ ತಗ್ಗುತ್ತದೆ, ಆರ್ಸೆನಿಕ್ ಏರುತ್ತದೆ. ನೀರು ಬಸಿದರೆ ತಿರುವುಮುರುವು. ಜಪಾನಿನ ರೈತ ಇಷ್ಟು ವರ್ಷ ಇವೆರಡರ ನಡುವೆ ಸಿಕ್ಕಿಬಿದ್ದಿದ್ದ. ಕ್ಯಾಡ್ಮಿಯಮ್ ಒಳಬಿಡದ ತಳಿ ಕೈಯಲ್ಲಿದ್ದರೆ ಅವನು ಗದ್ದೆ ಆರಲು ಬಿಟ್ಟು, ಆರ್ಸೆನಿಕ್ಕನ್ನೂ ತಗ್ಗಿಸಬಹುದು.