ವರಪ್ರಸಾದ ಮತ್ತು ಹರಕೆ: ಕಪಿಲಾ ತೀರದ ಕ್ರೈಸ್ತ ಬದುಕಿನಲ್ಲಿ ಕೃಪೆಯ ಪರಿಕಲ್ಪನೆ

ನಂಜನಗೂಡಿನ ಶ್ರೀಕಂಠೇಶ್ವರನಿಗೆ ಮುಡಿ ಒಪ್ಪಿಸಿ, ಉರುಳುಸೇವೆ ಸಲ್ಲಿಸಿ ಹರಕೆ ತೀರಿಸುವ ಪರಂಪರೆ ಹಳೆಯದು. ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರದಲ್ಲಿ ಪುಣ್ಯಸ್ನಾನ ಮಾಡುವವರ ಸಂಖ್ಯೆ 1989ರಲ್ಲಿ ಕುಂಭಮೇಳ ಆರಂಭವಾದ ಮೇಲೆ ಇನ್ನಷ್ಟು ಹೆಚ್ಚಿತು. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಪರಂಪರೆಯಲ್ಲಿ ಪ್ರಸಾದವು ಅಷ್ಟಾವರಣಗಳಲ್ಲೊಂದು. ಇಂತಹ ಪರಿಸರದಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ಕ್ರೈಸ್ತ ಕುಟುಂಬಗಳಿಗೆ ಹರಕೆ, ಪ್ರಸಾದ ಎಂಬ ಮಾತುಗಳು ಪರಕೀಯವಲ್ಲ. ಆದರೆ ಅವರ ಧರ್ಮಶಾಸ್ತ್ರ ಹೇಳುವ ಕೃಪೆ ಯಾವ ಪುಣ್ಯಕ್ಕೂ ಪ್ರತಿಫಲವಲ್ಲ. ಅದು ಅರ್ಹತೆಯನ್ನು ನೋಡದೆ ದೊರೆಯುವ ದಾನ. ಹರಕೆಯ ನಾಡಿನಲ್ಲಿ ಈ ದಾನವನ್ನು ಜನರು ಹೇಗೆ ಗ್ರಹಿಸಿದ್ದಾರೆ ಎಂಬುದು ವಿಚಾರಣೀಯ.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ 'ಖಾರಿಸ್' ಎಂಬ ಪದಕ್ಕೆ ಕನ್ನಡ ಕ್ರೈಸ್ತರಲ್ಲಿ ಎರಡು ಪ್ರಧಾನ ರೂಪಗಳಿವೆ. ಕಥೋಲಿಕರಲ್ಲಿ 'ವರಪ್ರಸಾದ', ಪ್ರಾಟೆಸ್ಟೆಂಟರಲ್ಲಿ 'ಕೃಪೆ'. ಹದಿನೇಳನೆಯ ಶತಮಾನದಲ್ಲಿ ಮದುರೆಯಲ್ಲಿದ್ದ ಜೆಸ್ವಿಟ್ ಪಾದ್ರಿ ರೋಬರ್ತೊ ದೆ ನೊಬಿಲಿ ದೇಶೀಯ ಧಾರ್ಮಿಕ ಪದಗಳನ್ನೇ ಬಳಸುವ ಮಾರ್ಗವನ್ನು ಹಿಡಿದಿದ್ದನು. 'ಪ್ರಸಾದ'ವೂ ಅವುಗಳಲ್ಲಿ ಸೇರಿತ್ತು. ಅದೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ದೊ ಚಿನ್ನಮಿಯೂ ಜೆಸ್ವಿಟನೇ. 'ವರಪ್ರಸಾದ' ಎಂಬ ಸಮಾಸದ ರಚನೆಯೇ ಕುತೂಹಲಕರವಾಗಿದೆ. ಪುರಾಣಗಳಲ್ಲಿ ವರವು ತಪಸ್ಸಿನ ಫಲ. ರಾವಣನೂ ಅದನ್ನು ದುಡಿದೇ ಪಡೆದವನು. ಪ್ರಸಾದವಾದರೋ ಸಾಲಿನಲ್ಲಿ ನಿಂತು ಕೈಯೊಡ್ಡಿದ ಯಾರಿಗೂ ಸಲ್ಲುವಂಥದು. ಗಳಿಕೆಯ ಅರ್ಥವುಳ್ಳ ಪದವೂ ದಾನದ ಅರ್ಥವುಳ್ಳ ಪದವೂ ಇಲ್ಲಿ ಒಂದಾಗಿವೆ. 'ಕೃಪೆ'ಯಲ್ಲಿ ಈ ತೊಡಕಿಲ್ಲ. ಮೈಸೂರು ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ದುಡಿದ ವೆಸ್ಲಿಯನ್ ಮಿಷನ್ನಿನ ಬೋಧನೆಯಂತೆ, ಮನುಷ್ಯ ದೇವರತ್ತ ತಿರುಗುವುದಕ್ಕೆ ಮೊದಲೇ ಕೃಪೆ ಅವನ ಮುಂದೆ ನಡೆದಿರುತ್ತದೆ. ಆದರೆ ಅನ್ನದ ನಂಟುಳ್ಳ 'ಪ್ರಸಾದ'ದ ಆಪ್ತತೆ ಆ ಪದಕ್ಕಿಲ್ಲ.

ಹರಕೆಯ ಪ್ರಶ್ನೆ ಇನ್ನೂ ಜಟಿಲವಾದುದು. ಇದೇ ಜಿಲ್ಲೆಯ ಕೃಷ್ಣರಾಜನಗರದ ಬಳಿಯಿರುವ ಡೋರನಹಳ್ಳಿಯ ಸಂತ ಅಂತೋಣಿಯವರ ದೇವಾಲಯಕ್ಕೆ, ವಿಶೇಷವಾಗಿ ಜೂನ್ 13ರ ಹಬ್ಬಕ್ಕೆ, ಎಲ್ಲ ಮತಗಳ ಭಕ್ತರೂ ಹರಕೆ ಹೊತ್ತು ಬರುತ್ತಾರೆ. 2019ರಲ್ಲಿ ಬೆಸಿಲಿಕಾ ಪದವಿ ಪಡೆದ ಈ ಕ್ಷೇತ್ರದ ಐತಿಹ್ಯದಲ್ಲಿ, ಹೊಲ ಉಳುತ್ತಿದ್ದ ರೈತನಿಗೆ ಸಂತರ ಪ್ರತಿಮೆ ದೊರೆಯುತ್ತದೆ. ನೇಗಿಲ ಮೊನೆಗೆ ದೇವರು ಸಿಕ್ಕುವ ಆಶಯ ಕನ್ನಡ ಸ್ಥಳಪುರಾಣಗಳಲ್ಲಿ ಸಾಮಾನ್ಯ. ರೈತ ಬೇಡಿರಲಿಲ್ಲ, ಹರಸಿಕೊಂಡಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ಅಂದರೆ, ಹರಕೆಯ ಕ್ಷೇತ್ರವೊಂದರ ಮೂಲಕಥೆಯೇ ಬೇಡದೆ ಬಂದ ದಾನದ ಕಥೆಯಾಗಿದೆ. ಇಂತಹ ಹರಕೆಗಳನ್ನು ಬರಿಯ ಕೊಡುಕೊಳ್ಳುವಿಕೆಯೆಂದು ತಳ್ಳಿಹಾಕುವವರು ಈ ಅಂಶವನ್ನು ಗಮನಿಸಿದಂತಿಲ್ಲ.

ಜನರ ಮಾತಿನಲ್ಲಿಯೂ ಈ ಭೇದ ಉಳಿದಿದೆ. ಹರಕೆಯನ್ನು 'ಹೊರುತ್ತಾರೆ', 'ತೀರಿಸುತ್ತಾರೆ'; ಸಾಲಕ್ಕೂ ಸಲ್ಲುವ ಕ್ರಿಯಾಪದಗಳಿವು. ಕೃಪೆಯಾದರೆ 'ದೊರೆಯುತ್ತದೆ'. ಕೃಪೆಯನ್ನು ತೀರಿಸಿದೆ ಎಂದು ಯಾರೂ ಹೇಳುವುದಿಲ್ಲ. ಕುಶಲ ವಿಚಾರಿಸಿದವರಿಗೆ 'ದೇವರ ಕೃಪೆಯಿಂದ ಚೆನ್ನಾಗಿದ್ದೇವೆ' ಎನ್ನುವ ಉತ್ತರದಲ್ಲಿ ಬೇಡಿಕೆಯೂ ಇಲ್ಲ, ಲೆಕ್ಕವೂ ಇಲ್ಲ. ದಕ್ಷಿಣ ಭಾರತ ಸಭೆಯ ದೇವಾಲಯಗಳ ಸುಗ್ಗಿ ಹಬ್ಬವನ್ನೂ ಇಲ್ಲಿ ಪರಿಶೀಲಿಸಬಹುದು. ಭತ್ತ, ರಾಗಿ, ತೆಂಗು, ಬಾಳೆಗೊನೆ, ಕೋಳಿ ಇತ್ಯಾದಿಗಳನ್ನು ಅರ್ಪಿಸಿ ಬಳಿಕ ಹರಾಜು ಹಾಕುವುದು ರೂಢಿ. ಬೆಳೆ ಕೈಗೆ ಬಂದರೆ ಕೊಡುತ್ತೇನೆಂದು ಮೊದಲೇ ಮಾತು ಕೊಟ್ಟಿರಬೇಕೆಂಬ ನಿಯಮವೇನೂ ಇದರಲ್ಲಿಲ್ಲ. ಬಂದುದರಲ್ಲಿ ಒಂದು ಪಾಲು ದೇವಾಲಯಕ್ಕೆ ಹೋಗುತ್ತದೆ. ಹರಾಜಿನಲ್ಲಿ ಅದನ್ನೇ ಕೊಂಡವರ ಮನೆಯಲ್ಲಿ ಅಂದಿನ ಅಡುಗೆಯಾಗುತ್ತದೆ.