ಕಡತ ಎಲ್ಲಿ ಹೋಯಿತು?

ಮಕ್ಕಳೇ, ನಿಮ್ಮ ಅಕ್ಕ ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಬಗ್ಗೆ ಮನೆಯ ಕಂಪ್ಯೂಟರಿನಲ್ಲಿ ಪ್ರಬಂಧ ಬರೆದಿಟ್ಟಿದ್ದಾಳೆ ಎನ್ನೋಣ. ನಾಳೆ ಶಾಲೆಗೆ ಒಪ್ಪಿಸಬೇಕು. ‘ಮೊಳಕಾಲ್ಮೂರು’ ಎಂದು ಹುಡುಕಿದರೆ ಏನೂ ಸಿಗುವುದಿಲ್ಲ! ಕಡತ ಅಳಿಸಿಹೋಯಿತೇ? ಗಾಬರಿ ಬೇಡ.

ಕಂಪ್ಯೂಟರ್ ನಮ್ಮಂತೆ ಅಕ್ಷರದ ಆಕಾರವನ್ನು ನೋಡುವುದಿಲ್ಲ, ಅದರ ಸಂಖ್ಯೆಯನ್ನು ನೋಡುತ್ತದೆ. ಯೂನಿಕೋಡ್ ಪದ್ಧತಿಯಲ್ಲಿ ‘ಲ’ ಅಕ್ಷರಕ್ಕೆ 3250, ‘ಳ’ ಅಕ್ಷರಕ್ಕೆ 3251. ಹಾಗಾಗಿ ‘ಚಲ್ಲಕೆರೆ’ ಎಂದು ತಪ್ಪಾಗಿ ಬರೆದ ಕಡತ ‘ಚಳ್ಳಕೆರೆ’ ಎಂದು ಹುಡುಕಿದರೆ ಸಿಗದು. ‘ಮೊಳಕಾಲ್ಮೂರು’, ‘ಮೊಳಕಾಲ್ಮುರು’ ಎರಡೂ ಬಳಕೆಯಲ್ಲಿವೆ. ನಮಗೆ ಊರು ಒಂದೇ, ಕಂಪ್ಯೂಟರಿಗೆ ಎರಡು!

ಇನ್ನೊಂದು ಕಾರಣವಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ರೋಮನ್ ಅಕ್ಷರ, ಚಿಹ್ನೆಗಳ ಸಂಖ್ಯೆಗಳಿಗೆ ಕನ್ನಡದ ಆಕಾರ ಕೊಡಲಾಗಿತ್ತು. ಅಂಥ ಬರಹ ಕಣ್ಣಿಗೆ ಕನ್ನಡ. ಆದರೆ ಯೂನಿಕೋಡ್‌ನಲ್ಲಿ ಹುಡುಕಿದರೆ ಸಿಗದು.

ಮೂರನೆಯದು, ಪಟ್ಟಿ. ಪುಸ್ತಕದ ಕೊನೆಯ ಪದಸೂಚಿಯಂತೆ ಕಂಪ್ಯೂಟರ್ ಮೊದಲೇ ಒಂದು ಪಟ್ಟಿ ಮಾಡಿಕೊಂಡಿರುತ್ತದೆ. ಇದೇ ಇಂಡೆಕ್ಸ್. ಪಟ್ಟಿಗೆ ಸೇರದ ಫೋಲ್ಡರಿನ ಬರಹ ತಪ್ಪಿಹೋಗಬಹುದು.

ಏನು ಮಾಡಬೇಕು?

1. ಪೂರ್ತಿ ಹೆಸರಿನ ಬದಲು ‘ಮೊಳಕಾ’ ಎಂದಷ್ಟೇ ಹುಡುಕಿ.
2. ಹಳೆಯ ಫಾಂಟ್‌ನ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿ.
3. ವಿಂಡೋಸ್‌ನ ‘ಇಂಡೆಕ್ಸಿಂಗ್ ಆಪ್ಷನ್ಸ್’ನಲ್ಲಿ ನಿಮ್ಮ ಫೋಲ್ಡರ್ ಸೇರಿದೆಯೇ ನೋಡಿ. ಇಲ್ಲದಿದ್ದರೆ ಹಿರಿಯರ ನೆರವಿನಿಂದ ಸೇರಿಸಿ.

ಮಾಡಿ ನೋಡಿ: ನೋಟ್‌ಪ್ಯಾಡಿನಲ್ಲಿ ಮೊಳಕಾಲ್ಮೂರನ್ನು ಎರಡೂ ರೀತಿ ಬರೆಯಿರಿ. ಒಂದನ್ನು ಹುಡುಕಿದಾಗ ಇನ್ನೊಂದು ಸಿಕ್ಕಿತೇ? ಏಕೆಂದು ಗೆಳೆಯರಿಗೆ ವಿವರಿಸಿ.