ಗಾಯವಿಲ್ಲದ ಸಾವು

1940ರ ಸೆಪ್ಟೆಂಬರ್ 7ರಂದು ಲಂಡನ್ನಿನ ಮೇಲೆ ಜರ್ಮನ್ ವಿಮಾನಗಳು ಬಾಂಬಿನ ಮಳೆಗರೆಯತೊಡಗಿದವು. ಸೈರನ್ ಕೂಗಿದೊಡನೆ ಜನ ಕಂಬಳಿ ಬಗಲಿಗಿಟ್ಟುಕೊಂಡು, ಮಕ್ಕಳ ಕೈ ಹಿಡಿದು ಆಶ್ರಯತಾಣಗಳತ್ತ ಓಡುತ್ತಿದ್ದರು. ಅಲ್ಲಿ ಕಾಲು ಚಾಚಲೂ ಜಾಗವಿರಲಿಲ್ಲ. ಮುಂದಾಲೋಚನೆಯುಳ್ಳವರು ಸಮುದ್ರದ ದಂಡೆಯಲ್ಲಿ ಹಾಕಿಕೊಳ್ಳುವಂಥ ಮಡಚುವ ಕ್ಯಾನ್ವಾಸ್ ಕುರ್ಚಿಗಳನ್ನು ಹೊತ್ತು ತಂದರು. ರಾತ್ರಿಯಿಡೀ ಅವುಗಳಲ್ಲೇ ತೂಕಡಿಸಿ, ಬೆಳಗಾದ ಮೇಲೆ ಮನೆ ಉಳಿದಿದೆಯೇ ಎಂದು ನೋಡಲು ಹೊರಡುತ್ತಿದ್ದರು.

ಅಲ್ಲಿನ ಗೈಸ್ ಆಸ್ಪತ್ರೆಯ ವೈದ್ಯ ಕೀತ್ ಸಿಂಪ್ಸನ್‌ಗೆ ಆಗ ಮರಣೋತ್ತರ ಪರೀಕ್ಷೆಯಿಂದ ಬಿಡುವೇ ಇರಲಿಲ್ಲ. ಬಾಂಬಿಗೆ ಛಿದ್ರವಾದ ದೇಹಗಳ ನಡುವೆ, ಮೈಮೇಲೆ ಒಂದು ಗೀರೂ ಇಲ್ಲದ ಹೆಣಗಳೂ ಬರುತ್ತಿದ್ದವು. ಎದೆ ತೆರೆದು ನೋಡಿದರೆ ಶ್ವಾಸಕೋಶಕ್ಕೆ ಹೋಗುವ ರಕ್ತನಾಳಕ್ಕೆ ಬಿರಡೆ ಜಡಿದಂತೆ ಹೆಪ್ಪುಗಟ್ಟಿದ ರಕ್ತ. ಆಪರೇಷನ್ ಆಗಿ ವಾರಗಟ್ಟಲೆ ಹಾಸಿಗೆ ಹಿಡಿದವರಲ್ಲಿ ಕಾಣಿಸುವ ಸಾವು ಅದು. ಇವರಾದರೋ ನಿನ್ನೆಯವರೆಗೆ ಓಡಾಡಿಕೊಂಡಿದ್ದವರು.

ಸಿಂಪ್ಸನ್ ಹಿಂದಿನ ವರ್ಷದ ಲೆಕ್ಕ ತೆಗೆದು ನೋಡಿದರು. ಆಗಿನ ಅದೇ ಎರಡು ತಿಂಗಳಿಗೆ ಹೋಲಿಸಿದರೆ, ದಾಳಿಯ ಮೊದಲ ಎರಡು ತಿಂಗಳಲ್ಲಿ ಇಂಥ ಸಾವು ಆರು ಪಟ್ಟಾಗಿತ್ತು. ಸತ್ತವರಲ್ಲಿ ಹೆಚ್ಚಿನವರು ಆಶ್ರಯತಾಣಗಳಲ್ಲಿ ರಾತ್ರಿ ಕಳೆದವರು. ಅವರು ಯಾವುದರ ಮೇಲೆ ಮಲಗಿದ್ದರು ಎಂದು ಕೆದಕಿದಾಗ ಗುಟ್ಟು ಹೊರಬಿತ್ತು. ಕುರ್ಚಿಯ ಮುಂಭಾಗದ ಮರದ ಪಟ್ಟಿ ತೊಡೆಯ ಹಿಂಬದಿಯನ್ನು ರಾತ್ರಿಯಿಡೀ ಒತ್ತಿ ಹಿಡಿಯುತ್ತಿತ್ತು! ಆ ಡಿಸೆಂಬರಿನಲ್ಲಿ ಅವರ ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಆಶ್ರಯತಾಣಗಳಲ್ಲಿ ರೈಲಿನ ಸ್ಲೀಪರ್ ಬೋಗಿಯಂತೆ ಮೂರಂತಸ್ತಿನ ಮಂಚಗಳು ಎದ್ದವು.

ಯುದ್ಧ ಮುಗಿಯಿತು. ಆಶ್ರಯತಾಣಗಳು ಮುಚ್ಚಿದವು, ಮಂಚಗಳನ್ನು ಕಿತ್ತರು. ಸಿಂಪ್ಸನ್ ಕಂಡುಕೊಂಡದ್ದೂ ಹಳೆಯ ಸಂಪುಟಗಳೊಳಗೆ ಸೇರಿಹೋಯಿತು. 1954ರಲ್ಲಿ ಬಾಸ್ಟನ್ನಿನ ವೈದ್ಯ ಜಾನ್ ಹೋಮನ್ಸ್ ದೀರ್ಘ ವಿಮಾನಯಾನದ ನಂತರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದನ್ನು ವರದಿ ಮಾಡಿದರು. ಮುಂದೆ ಇದಕ್ಕೆ ‘ಎಕಾನಮಿ ಕ್ಲಾಸ್ ಸಿಂಡ್ರೋಮ್’ ಎಂಬ ಹೆಸರು ಅಂಟಿತು. ನಿರಾಶ್ರಿತರ ಕಾಯಿಲೆಯನ್ನು ಜಗತ್ತು ಪ್ರಯಾಣಿಕರ ಖಾತೆಗೆ ಬರೆದುಬಿಟ್ಟಿತ್ತು.

2004ರ ಅಕ್ಟೋಬರ್ 23ರ ಸಂಜೆ ಜಪಾನಿನ ನೀಗಾಟದಲ್ಲಿ ನೆಲ ನಡುಗಿತು. ಮತ್ತೆ ಮತ್ತೆ ಕಂಪಿಸುತ್ತಿದ್ದ ಭೂಮಿಗೆ ಹೆದರಿ ಜನ ಸೂರಿನಡಿ ಮಲಗಲೊಲ್ಲದೆ ಕಾರುಗಳಲ್ಲಿ ಉಳಿದರು. ಭೂಕಂಪವನ್ನು ಗೆದ್ದು ಬಂದವರು ಕೆಲವೇ ದಿನಗಳಲ್ಲಿ ಉಸಿರು ಕಟ್ಟಿ ಕುಸಿಯತೊಡಗಿದರು. ನೀಗಾಟ ವಿಶ್ವವಿದ್ಯಾಲಯದ ವೈದ್ಯ ಕಾಜುಹಿಕೊ ಹಾನ್ಜಾವಾ ಅಲ್ಟ್ರಾಸೌಂಡ್ ಯಂತ್ರ ಹಿಡಿದು ಜನರ ಬಳಿಗೇ ಹೋದರು. ಒಬ್ಬೊಬ್ಬರ ಮೀನಖಂಡದ ಮೇಲೂ ಅದನ್ನು ಆಡಿಸಿ ನೋಡಿದಾಗ ಪರದೆಯ ಮೇಲೆ ಕಂಡದ್ದು ಅದೇ ಹಳೆಯ ಶತ್ರು.

2011ರ ಮಾರ್ಚ್ 11ರ ಸುನಾಮಿಯ ನಂತರ ಲಕ್ಷಾಂತರ ಜನ ಶಾಲೆಗಳ ವ್ಯಾಯಾಮಶಾಲೆಗಳಲ್ಲಿ, ತಣ್ಣನೆಯ ಮರದ ನೆಲದ ಮೇಲೆ ಮಲಗಿದರು. ಅವರ ಕಾಲುಗಳಲ್ಲೂ ವೈದ್ಯರಿಗೆ ಹೆಪ್ಪುಗಟ್ಟಿದ ರಕ್ತ ಕಾಣಿಸಿತು. ಇತ್ತ ಒಸಾಕಾದಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಯೋಶಿಹಿರೊ ಮಿಜುತಾನಿಗೆ ಈ ರೋಗದ ಗೊಡವೆಯೇ ಇರಲಿಲ್ಲ. ಸುನಾಮಿಯಿಂದ ಪಾರಾದವರು ಚಳಿಗೆ ಸಾಯುತ್ತಿದ್ದಾರೆಂಬ ಸುದ್ದಿ ಅವರನ್ನು ಕಾಡಿತು. ರಟ್ಟಿನ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖವನ್ನು ಹಿಡಿದಿಡುತ್ತದೆ ಎಂಬುದಷ್ಟೇ ಅವರಿಗೆ ಗೊತ್ತಿದ್ದ ವಿದ್ಯೆ. ಪೆಟ್ಟಿಗೆಗಳನ್ನು ಜೋಡಿಸಿ, ಮೇಲೊಂದು ಹಲಗೆ ಹಾಸಿ, ಮಂಚ ಮಾಡಿದರು. ಮೊಳೆ ಬೇಡ, ಸುತ್ತಿಗೆ ಬೇಡ.

ಪುಕ್ಕಟೆ ಕೊಡುತ್ತೇನೆಂದರೂ ಹಲವೆಡೆ ಬೇಡವೆಂದರು. ಹಿಂದೆ ಎಲ್ಲೂ ಹೀಗೆ ಮಾಡಿದ್ದಿಲ್ಲ ಎನ್ನುವುದು ಅಧಿಕಾರಿಗಳ ಅಡ್ಡಿ. ಆದರೂ ಮಿಜುತಾನಿ ಪಟ್ಟು ಬಿಡದೆ ಶಿಬಿರದಿಂದ ಶಿಬಿರಕ್ಕೆ ಅಲೆದರು. ರಕ್ತದ ಹೆಪ್ಪಿನ ಹಿಂದೆ ಬಿದ್ದಿದ್ದ ವೈದ್ಯರು ಅವರಿಗೆ ಜೊತೆಯಾದಾಗ, ಚಳಿಗೆಂದು ಹುಟ್ಟಿದ ಮಂಚಕ್ಕೆ ಇನ್ನೊಂದು ಅರ್ಥ ಸಿಕ್ಕಿತು. 2016ರಲ್ಲಿ ಕುಮಾಮೊಟೊ ಕಂಪಿಸಿದಾಗ ಜನ ಮತ್ತೆ ಕಾರುಗಳಲ್ಲಿ ಮಲಗಿದರು, ಸಾವೂ ಮತ್ತೆ ಬಂತು. 2018ರ ಜುಲೈನಲ್ಲಿ ಪಶ್ಚಿಮ ಜಪಾನ್ ನೆರೆಯಲ್ಲಿ ಮುಳುಗಿದಾಗ ಶಿಬಿರಗಳಿಗೆ ರಟ್ಟಿನ ಮಂಚಗಳು ಲಾರಿಗಳಲ್ಲಿ ಬಂದಿಳಿದವು.

ರಹಸ್ಯ ಇಷ್ಟೇ. ಕಾಲಿನ ರಕ್ತ ಮೇಲೇರಲು ಹೃದಯದ ಬಲವೊಂದೇ ಸಾಲದು. ಹೆಜ್ಜೆ ಹಾಕಿದಾಗಲೆಲ್ಲ ಮೀನಖಂಡ ಹಿಂಡಿಕೊಂಡು ಅದನ್ನು ಮೇಲಕ್ಕೆ ತಳ್ಳಬೇಕು. ಆದರೆ ಶಿಬಿರದಲ್ಲಿ ನೆಲದಿಂದ ಏಳಲಾಗದ ಮುದುಕಿ ಅಲ್ಲೇ ಬಿದ್ದುಕೊಳ್ಳುತ್ತಾಳೆ. ಶೌಚಾಲಯಕ್ಕೆ ಹೋಗುವುದನ್ನು ತಪ್ಪಿಸಲು ನೀರು ಕುಡಿಯುವುದನ್ನೂ ಬಿಡುತ್ತಾಳೆ. ನಿಂತ ರಕ್ತ ಹೆಪ್ಪಾಗುತ್ತದೆ. ಎದ್ದಾಗ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಕುರ್ಚಿಯೆತ್ತರದ ಮಂಚದಿಂದಾದರೆ ಅವಳು ತಾನಾಗಿ ಎದ್ದು ನಡೆಯುತ್ತಾಳೆ.

ಶಿಬಿರ ಮುಚ್ಚುವ ದಿನ ಮಂಚವನ್ನು ಬಿಚ್ಚಿ ರದ್ದಿಗೆ ಹಾಕಬಹುದು. ಈ ಸಲ ಮಾತ್ರ ಅದರೊಡನೆ ಅರಿವನ್ನು ಎಸೆಯಲಿಲ್ಲ. ಮುಂದಿನ ವಿಪತ್ತಿಗೆ ಮಂಚ ಒದಗಿಸುವ ಕರಾರಿಗೆ ಪ್ರಾಂತ್ಯಗಳೂ ರಟ್ಟಿನ ಉದ್ಯಮದವರೂ ಸಹಿ ಹಾಕಿದರು.